‘ಅರೆಸ್ಟ್ ಅಲ್ಲ, ಸುಮ್ನೆ ವಿಚಾರಣೆ’ ಅಂದರೆ ಕಾನೂನು ಒಪ್ಪುತ್ತಾ?

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನವಳು. ವಿಜಯಪುರದಲ್ಲಿ ರೂಮ್ ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೇನೆ. ಹೋದ ತಿಂಗಳು ನಮ್ಮೂರ ಹೊಳೆ ದಂಡೆಯಲ್ಲಿದ್ದ ಪಂಪ್‌ಸೆಟ್ ಮೋಟಾರು, ಕೇಬಲ್ ಕಳುವಾದವು. ಪೊಲೀಸರು ನಮ್ಮ ಸೋದರಮಾವನನ್ನು ಕರೆದುಕೊಂಡು ಹೋಗಿ ಎರಡು ರಾತ್ರಿ ಸ್ಟೇಷನ್ನಿನಲ್ಲೇ ಇಟ್ಟುಕೊಂಡರು. ಕೇಳಿದರೆ ‘ಅರೆಸ್ಟ್ ಅಲ್ಲ, ಸುಮ್ನೆ ವಿಚಾರಣೆ’ ಅಂದರು. ಅತ್ತೆಯನ್ನೂ ರಾತ್ರಿ ಹೊತ್ತಿನಲ್ಲಿ ಕರೆಸಿದರು. ಬಿಟ್ಟು ಕಳಿಸಿದಾಗ ಮಾವನ ಅಂಗಾಲು ಬಾತಿತ್ತು. ಕೇಸೂ ಇಲ್ಲ, ಕಾಗದವೂ ಇಲ್ಲ. ನಮ್ಮದು ವಿಮುಕ್ತ ಸಮುದಾಯ, ಬ್ರಿಟಿಷರು ಹುಟ್ಟಿನಿಂದಲೇ ಕಳ್ಳರು ಅಂತ ಪಟ್ಟಿ ಮಾಡಿದ್ದ ಜನ. ಎಲ್ಲಿ ಕಳವಾದರೂ ಮೊದಲು ನಮ್ಮ ಓಣಿಗೇ ಬರುತ್ತಾರೆ. ‘ಪ್ರಭುತ್ವದ ಅಪರಾಧ’, ಅಂದರೆ ಸರ್ಕಾರವೇ ಮಾಡುವ ಅಪರಾಧ, ಅಂತ ಒಂದು ಪಾಠ ಓದಿದೆ. ಇದು ಅದೇನಾ, ಇಲ್ಲ ಇಬ್ಬರು ಪೊಲೀಸರ ತಪ್ಪಾ? ಈಗ ಏನು ಮಾಡಬಹುದು? ದೂರು ಕೊಟ್ಟರೆ ನಾಳೆ ನನ್ನ ಪೊಲೀಸ್ ವೆರಿಫಿಕೇಶನ್‌ಗೆ ತೊಂದರೆ ಆಗುತ್ತಾ?

ಉತ್ತರ: ನೇರವಾಗಿಯೇ ಹೇಳುತ್ತೇನೆ. ನಿಮ್ಮ ಮಾವನಿಗೆ ಆದದ್ದು ಅಪರಾಧ. ‘ಸ್ವಲ್ಪ ಜಾಸ್ತಿ ಆಯ್ತು’ ಅಂತ ಬಿಡುವಂಥದ್ದಲ್ಲ, ಇಲಾಖೆಯವರು ಒಳಗೊಳಗೇ ಬಗೆಹರಿಸಿಕೊಳ್ಳುವ ಶಿಸ್ತಿನ ವಿಷಯವೂ ಅಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ, ಅಂದರೆ ಹಳೆಯ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಬಂದ ಕಾನೂನಿನಲ್ಲಿ, ಸೆಕ್ಷನ್ ನಂಬರ್ ಇರುವ, ಜೈಲು ಶಿಕ್ಷೆ ಇರುವ ಅಪರಾಧ. ನಾನು ಬಾಗಲಕೋಟೆ ಜಿಲ್ಲೆಯ ಕೋರ್ಟುಗಳಲ್ಲಿ ಕ್ರಿಮಿನಲ್ ಕಡೆ ಪ್ರಾಕ್ಟೀಸ್ ಮಾಡುವವನು. ಇಂಥದ್ದನ್ನು ಬಹಳ ಸಲ ಕೇಳಿದ್ದೇನೆ, ಆದರೂ ಪ್ರತಿ ಸಲ ಸಿಟ್ಟು ಬರುತ್ತದೆ. ನೀವೇ ನಾಳೆ ಆ ಸ್ಟೇಷನ್ನಿನ ಕುರ್ಚಿಯಲ್ಲಿ ಕೂರಬೇಕು ಅಂತ ಓದುತ್ತಿರುವವರು, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ‘ಅರೆಸ್ಟ್ ಅಲ್ಲ’ ಅನ್ನುವ ಮಾತು. ಒಬ್ಬ ಮನುಷ್ಯ ಎದ್ದು ಮನೆಗೆ ಹೋಗುತ್ತೇನೆ ಅಂದಾಗ ಬಿಡುವುದಿಲ್ಲ ಅಂದರೆ ಅವನು ಕಸ್ಟಡಿಯಲ್ಲಿದ್ದಾನೆ. ಅಷ್ಟೇ. ಲಾಕಪ್‌ನಲ್ಲಿ ಹಾಕಿದ್ದರೋ, ಬೆಂಚಿನ ಮೇಲೆ ಕೂರಿಸಿದ್ದರೋ, ಹಿಂದಿನ ಕೋಣೆಯಲ್ಲಿ ಮಲಗಿಸಿದ್ದರೋ ಅನ್ನುವುದು ಮುಖ್ಯ ಅಲ್ಲ. 1980ರಲ್ಲೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಬಿಡಿಸಿ ಹೇಳಿದ್ದಾರೆ: ಹಿಡಿದಿಟ್ಟಿದ್ದೇವೆ ಆದರೆ ಅರೆಸ್ಟ್ ಮಾಡಿಲ್ಲ, ವಿಚಾರಣೆಗೆ ಇಟ್ಟುಕೊಂಡಿದ್ದೇವೆ ಆದರೆ ಕಸ್ಟಡಿ ಅಲ್ಲ ಅನ್ನುವುದೆಲ್ಲ ಕಾನೂನಿನಿಂದ ತಪ್ಪಿಸಿಕೊಳ್ಳುವ ಕಣ್ಣಾಮುಚ್ಚಾಲೆ ಅಂತ. ಅದಾಗಿ ನಾಲ್ಕು ದಶಕ ದಾಟಿತು. ನಮ್ಮ ಕಡೆ ಇನ್ನೂ ಅದೇ ಮಾತು ನಡೆಯುತ್ತಿದೆ.

ವಿಚಾರಣೆಗೆ ಕರೆಯುವ ಅಧಿಕಾರ ಪೊಲೀಸರಿಗೆ ಇಲ್ಲವೇ? ಇದೆ, ಇರಬೇಕು. ಆದರೆ ಅದಕ್ಕೊಂದು ದಾರಿ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಜಾಗಕ್ಕೆ ಬಂದದ್ದು, ಎರಡು ಥರದ ಕರೆಯನ್ನು ಹೇಳುತ್ತದೆ. ಅನುಮಾನ ಇದೆ, ಆದರೆ ಅರೆಸ್ಟ್ ಮಾಡುವ ಅಗತ್ಯ ಇಲ್ಲ ಅಂದರೆ ಸೆಕ್ಷನ್ 35(3)ರ ಕೆಳಗೆ ಲಿಖಿತ ನೋಟಿಸ್. ಸಾಕ್ಷಿಯಾಗಿ ಏನಾದರೂ ಗೊತ್ತಿದೆ ಅನ್ನಿಸಿದರೆ 179ರ ಕೆಳಗೆ ಲಿಖಿತ ಆದೇಶ. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ ಶಿಕ್ಷೆ 3 ವರ್ಷ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಅರೆಸ್ಟ್ ಮಾಡಬೇಡಿ, ಯಾಕೆ ಬೇಕು ಅಂತ ಬರೆದಿಡಿ, ಇಲ್ಲದಿದ್ದರೆ ನೋಟಿಸ್ ಕೊಡಿ ಅಂತ ಅರ್ನೇಶ್ ಕುಮಾರ್ ಪ್ರಕರಣದಲ್ಲಿ 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಮೋಟಾರು ಕಳವಿನ ಅನುಮಾನ ಇದ್ದರೆ ನಿಮ್ಮ ಮಾವನ ಕೈಗೆ ಬರಬೇಕಾಗಿದ್ದದ್ದು ಒಂದು ಕಾಗದ. ಇನ್ನು ನಿಮ್ಮ ಅತ್ತೆ. 179ರ ಪ್ರಕಾರ ಹೆಣ್ಣುಮಕ್ಕಳನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆ ಇದ್ದವರನ್ನು ಅವರ ಮನೆ ಬಿಟ್ಟು ಬೇರೆ ಕಡೆ ಬನ್ನಿ ಅಂತ ಒತ್ತಾಯ ಮಾಡುವ ಹಾಗಿಲ್ಲ. ಕೇಳುವುದಿದ್ದರೆ ಅಧಿಕಾರಿಯೇ ಮನೆಗೆ ಬರಬೇಕು. ರಾತ್ರಿ ಸ್ಟೇಷನ್ನಿಗೆ ಕರೆಸಿದ್ದು ಅಲ್ಲಿಗೇ ತಪ್ಪು.

ಈಗ ಅಸಲು ವಿಷಯಕ್ಕೆ ಬರೋಣ. ನೋಟಿಸೂ ಕೊಡದೆ, ಅರೆಸ್ಟೂ ತೋರಿಸದೆ ಇಟ್ಟುಕೊಳ್ಳುವುದು ಯಾಕೆ? ಅರೆಸ್ಟ್ ಅಂತ ಬರೆದ ಕೂಡಲೇ ಒಂದರ ಹಿಂದೆ ಒಂದು ಕಾಗದ ಹುಟ್ಟುತ್ತದೆ, ಅದಕ್ಕೆ. ಅರೆಸ್ಟ್ ಮೆಮೊ ಬರೆಯಬೇಕು, ಅದಕ್ಕೆ ಮನೆಯವರೋ ಊರಿನ ಮರ್ಯಾದಸ್ಥರೋ ಒಬ್ಬರ ಸಾಕ್ಷಿ ಸಹಿ ಬೇಕು, ಕಾರಣ ತಿಳಿಸಬೇಕು, ಸಂಬಂಧಿಕರಿಗೆ ಹೇಳಬೇಕು, ಡಾಕ್ಟರಿಗೆ ತೋರಿಸಿ ಮೈಮೇಲೆ ಏನೇನು ಗಾಯ ಇದೆ ಅಂತ ಬರೆಸಬೇಕು, ವಕೀಲರನ್ನು ಭೇಟಿಯಾಗಲು ಬಿಡಬೇಕು, ಮತ್ತೆ ಇದೆಲ್ಲಕ್ಕಿಂತ ದೊಡ್ಡದು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಈ 24 ಗಂಟೆ ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಉಳಿದದ್ದರಲ್ಲಿ ಬಹಳಷ್ಟು ಡಿ.ಕೆ. ಬಸು ಪ್ರಕರಣದಿಂದ ಬಂದದ್ದು. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಅಧ್ಯಕ್ಷರು ಲಾಕಪ್ ಸಾವುಗಳ ಸುದ್ದಿ ಓದಿ 1986ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಅದನ್ನೇ ರಿಟ್ ಅರ್ಜಿ (ಹಕ್ಕು ಕಾಪಾಡಿ ಅಂತ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ನೇರವಾಗಿ ಹಾಕುವ ಅರ್ಜಿ) ಮಾಡಿಕೊಂಡು 1996ರ ಡಿಸೆಂಬರಿನಲ್ಲಿ ಕೋರ್ಟ್ 11 ನಿರ್ದೇಶನ ಕೊಟ್ಟಿತು. ಈಗ ಅವುಗಳಲ್ಲಿ ಹೆಚ್ಚಿನವು ಸಂಹಿತೆಯೊಳಗೇ ಸೇರಿವೆ.

ಇಲ್ಲಿ ಒಂದೊಂದು ಕಾಗದವೂ ಒಬ್ಬ ಹೊರಗಿನವನ ಕಣ್ಣು. ಮನೆಯವರ ಕಣ್ಣು, ಡಾಕ್ಟರ ಕಣ್ಣು, ವಕೀಲರ ಕಣ್ಣು, ಮ್ಯಾಜಿಸ್ಟ್ರೇಟರ ಕಣ್ಣು. ‘ಸುಮ್ನೆ ವಿಚಾರಣೆ’ ಅಂದುಬಿಟ್ಟರೆ ಇವೆಲ್ಲ ಒಂದೇ ಏಟಿಗೆ ಮುಚ್ಚಿಹೋಗುತ್ತವೆ. ಆ ಎರಡು ರಾತ್ರಿ ದಾಖಲೆಯ ಪ್ರಕಾರ ನಿಮ್ಮ ಮಾವ ಸ್ಟೇಷನ್ನಿನಲ್ಲಿ ಇರಲೇ ಇಲ್ಲ. ಇಲ್ಲದ ಮನುಷ್ಯನಿಗೆ ಹೊಡೆದವರು ಯಾರು ಅಂತ ಯಾರು ಕೇಳಬೇಕು? ನಾನು ಕಂಡ ಮಟ್ಟಿಗೆ ಹೊಡೆತಕ್ಕಿಂತ ಮೊದಲಿನ ಅಪರಾಧ ಇದು, ಬರೆಯದೆ ಇರುವುದು. ಕಾಗದ ಇದ್ದ ಕಡೆ ಹೊಡೆತ ಪೂರ್ತಿ ನಿಲ್ಲುತ್ತದೆ ಅಂತ ನಾನು ಹೇಳುವುದಿಲ್ಲ, ಆದರೆ ಹೊಡೆಯುವ ಕೈ ಒಂದು ಸಲ ಯೋಚನೆ ಮಾಡುತ್ತದೆ.

ಇನ್ನು, ಕಳ್ಳತನದ ಅನುಮಾನದಲ್ಲೇ ಹೊಡೆತ ಜಾಸ್ತಿ ಯಾಕೆ ಅಂತ ನೀವು ಪರೀಕ್ಷೆಗಾದರೂ ತಿಳಿದಿರಬೇಕು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಹಳೆಯ ಸಾಕ್ಷ್ಯ ಕಾಯಿದೆಯ 25, 26ನೇ ಸೆಕ್ಷನ್ ಹಾಗೆ ಹೇಳುತ್ತಿದ್ದವು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23 ಕೂಡ ಅದನ್ನೇ ಹೇಳುತ್ತದೆ. ಹೊಡೆದು ಒಪ್ಪಿಸುತ್ತಾರೆ ಅನ್ನುವುದು ಬ್ರಿಟಿಷರ ಕಾಲಕ್ಕೇ ಗೊತ್ತಿದ್ದ ಸಂಗತಿ, ಅದಕ್ಕೇ ಆ ನಿಯಮ. ಆದರೆ ಒಂದು ಬಾಗಿಲು ತೆರೆದಿದೆ. ಹಳೆಯ 27ನೇ ಸೆಕ್ಷನ್, ಈಗ 23ರ ಜೊತೆಗೇ ಸೇರಿಸಿದ್ದಾರೆ. ಆರೋಪಿ ಕೊಟ್ಟ ಮಾಹಿತಿಯಿಂದ ಏನಾದರೂ ವಸ್ತು ಸಿಕ್ಕರೆ ಅಷ್ಟು ಭಾಗದ ಮಾತು ಸಾಕ್ಷ್ಯವಾಗುತ್ತದೆ. ‘ಮೋಟಾರು ಇಂಥ ಕಬ್ಬಿನ ಹೊಲದಲ್ಲಿ ಮುಚ್ಚಿಟ್ಟಿದ್ದೇನೆ’ ಅಂದು, ಪಂಚರ, ಅಂದರೆ ಸಾಕ್ಷಿಗೆ ಕರೆದ ಹೊರಗಿನವರ, ಮುಂದೆ ಅದು ಸಿಕ್ಕರೆ ಕೋರ್ಟಿನಲ್ಲಿ ಕೇಸ್ ಗಟ್ಟಿಯಾಗುತ್ತದೆ. ಹಾಗಾಗಿ ಎಲ್ಲರ ಗಮನ ರಿಕವರಿ ಮೇಲೆ. ಮೇಲಿನವರು ಕೇಳುವುದೂ ಅದನ್ನೇ, ಮೋಟಾರು ಕಳೆದುಕೊಂಡ ರೈತ ದಿನಾ ಬಂದು ಕೇಳುವುದೂ ಅದನ್ನೇ. ಬೆರಳಚ್ಚು ಹುಡುಕಲು, ಗುಜರಿ ಅಂಗಡಿ ಸುತ್ತಲು, ಮೊಬೈಲ್ ಟವರ್ ವಿವರ ತರಿಸಲು ಸಮಯ ಬೇಕು, ಜನ ಬೇಕು. ಲಾಠಿಗೆ ಏನೂ ಬೇಡ. ಕಾರಣ ಅರ್ಥ ಆಗುತ್ತದೆ, ಆದರೆ ಅರ್ಥ ಆಯಿತು ಅಂದ ಮಾತ್ರಕ್ಕೆ ಒಪ್ಪುವ ಪ್ರಶ್ನೆಯೇ ಇಲ್ಲ.

ಕಾನೂನು ಕೂಡ ಒಪ್ಪಿಲ್ಲ. 1860ರ ದಂಡ ಸಂಹಿತೆಯ 330ನೇ ಸೆಕ್ಷನ್ ತೆಗೆದು ನೋಡಿ. ಕೆಳಗೆ ಉದಾಹರಣೆಗಳನ್ನು ಕೊಟ್ಟಿದ್ದಾರೆ. ಮೊದಲನೆಯದು, ಒಬ್ಬ ಪೊಲೀಸ್ ಅಧಿಕಾರಿ ತಪ್ಪೊಪ್ಪಿಸಲು ಹಿಂಸೆ ಕೊಡುತ್ತಾನೆ. ಎರಡನೆಯದು, ಕದ್ದ ಮಾಲು ಎಲ್ಲಿದೆ ಅಂತ ತೋರಿಸಲು ಹಿಂಸೆ ಕೊಡುತ್ತಾನೆ. ಎರಡರಲ್ಲೂ ಅವನು ಅಪರಾಧಿ. ಅಂದರೆ ನಿಮ್ಮ ಮಾವನ ಕಥೆಯನ್ನೇ ನೂರಾ ಅರವತ್ತು ವರ್ಷದ ಹಿಂದೆ ಉದಾಹರಣೆಯಾಗಿ ಬರೆದಿಟ್ಟಿದ್ದಾರೆ. ಈಗ ಅದು ನ್ಯಾಯ ಸಂಹಿತೆಯ 120. ಸಾಮಾನ್ಯ ಗಾಯವಾದರೂ 7 ವರ್ಷದವರೆಗೆ, ತೀವ್ರ ಗಾಯವಾದರೆ 10 ವರ್ಷದವರೆಗೆ ಶಿಕ್ಷೆ. ಒಂದು ಲೆಕ್ಕ ಮಾಡಿ: ಮೋಟಾರು ಕದ್ದವನಿಗೆ 3 ವರ್ಷ, ಅದನ್ನು ಹುಡುಕಲು ಹೊಡೆದವನಿಗೆ 7. ಕಾನೂನಿನ ಕಣ್ಣಿನಲ್ಲಿ ಯಾವುದು ದೊಡ್ಡ ಅಪರಾಧ ಅನ್ನುವುದು ಇಷ್ಟು ಸ್ಪಷ್ಟ ಇದೆ. ತಪ್ಪೊಪ್ಪಿಸಲು ಅಕ್ರಮವಾಗಿ ಕೂಡಿಹಾಕಿದ್ದಕ್ಕೆ 3 ವರ್ಷದ ಬೇರೆ ಅಪರಾಧವೂ ಇದೆ.

ಈಗ ನಿಮ್ಮ ಪಾಠದ ಪ್ರಶ್ನೆ. ಕ್ರಿಮಿನಲ್ ಕೇಸು ಅಂದರೆ ಬರೀ ಇಬ್ಬರ ಜಗಳ ಅಲ್ಲ, ಸಮಾಜಕ್ಕೇ ಆದ ಪೆಟ್ಟು ಅಂತ ನಾವು ಒಪ್ಪಿಕೊಂಡಿದ್ದೇವೆ. ಅದಕ್ಕೇ ಕೇಸಿನ ಹೆಸರು ‘ಕರ್ನಾಟಕ ರಾಜ್ಯ ವಿರುದ್ಧ ಇಂಥವರು’ ಅಂತ ಇರುತ್ತದೆ. ತನಿಖೆ ರಾಜ್ಯದ್ದು, ಸರ್ಕಾರಿ ವಕೀಲರು ರಾಜ್ಯದವರು, ಜೈಲು ರಾಜ್ಯದ್ದು. ಹಾಗಾದರೆ ರಾಜ್ಯದ ಕೈಯೇ ಅಪರಾಧ ಮಾಡಿದಾಗ? ಆಗಲೂ ತನಿಖೆ ಮಾಡಬೇಕಾದದ್ದು ರಾಜ್ಯ, ಕೇಸ್ ನಡೆಸಬೇಕಾದದ್ದು ರಾಜ್ಯ. ಈ ತೊಡಕೇ ಪ್ರಭುತ್ವದ ಅಪರಾಧವನ್ನು ಬೇರೆಯಾಗಿ ಓದಬೇಕಾದ ಕಾರಣ.

ಅಮೆರಿಕದ ವಿಲಿಯಂ ಚಾಂಬ್ಲಿಸ್ ಅನ್ನುವ ಸಮಾಜಶಾಸ್ತ್ರಜ್ಞ 1988ರಲ್ಲಿ ಇದಕ್ಕೊಂದು ಗೆರೆ ಎಳೆದರು. ಕಾನೂನೇ ಅಪರಾಧ ಅಂತ ಹೇಳಿದ ಕೆಲಸವನ್ನು ಅಧಿಕಾರಿ ತನ್ನ ಸ್ವಂತ ಲಾಭಕ್ಕಲ್ಲ, ರಾಜ್ಯದ ಕೆಲಸ ಅಂತ ಮಾಡಿದರೆ ಅದು ರಾಜ್ಯವೇ ಸಂಘಟಿಸಿದ ಅಪರಾಧ. ಪೇದೆಯೊಬ್ಬ ಲಂಚ ತಿಂದರೆ, ಪಕ್ಕದ ಮನೆಯವನ ಜೊತೆ ಜಗಳಾಡಿ ಹೊಡೆದರೆ ಅದು ಅವನ ಅಪರಾಧ. ಕಳವು ಪತ್ತೆ ಮಾಡಬೇಕು ಅಂತ ಸ್ಟೇಷನ್ನಿನೊಳಗೆ ಹೊಡೆದರೆ ಅವನು ಯಾರಿಗಾಗಿ ಹೊಡೆದ? ಅಲ್ಲಿದೆ ವ್ಯತ್ಯಾಸ.

ಆದರೆ ಈ ಗೆರೆಗೂ ಒಂದು ಕೊರತೆ ಇದೆ, ಅದು ನಮ್ಮ ಜಿಲ್ಲೆಯ ಚರಿತ್ರೆಯಿಂದಲೇ ಗೊತ್ತಾಗುತ್ತದೆ. ಮುಧೋಳ ಕಡೆಯ ಹಲಗಲಿ ನಿಮಗೆ ಗೊತ್ತಲ್ವಾ. 1857ರಲ್ಲಿ ಆಯುಧ ಒಪ್ಪಿಸಿ ಅಂತ ಕಂಪನಿ ಸರ್ಕಾರ ಕಾನೂನು ತಂದಾಗ ಬೇಡರು ಒಪ್ಪಲಿಲ್ಲ. ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು, ಮುಂದಾಳುಗಳನ್ನು ಗಲ್ಲಿಗೇರಿಸಿದರು. ಅವತ್ತಿನ ಕಾನೂನಿನ ಪುಸ್ತಕದಲ್ಲಿ ಅಪರಾಧಿ ಯಾರು? ಆಯುಧ ಕೊಡದ ಬೇಡ. ಊರು ಸುಟ್ಟವನಲ್ಲ. ಕಾನೂನು ಬರೆಯುವ ಕೈಯೇ ಅನ್ಯಾಯ ಮಾಡಿದಾಗ ‘ಕಾನೂನು ಮೀರಿದರೆ ಮಾತ್ರ ಅಪರಾಧ’ ಅನ್ನುವ ಅಳತೆ ಸಾಲುವುದಿಲ್ಲ. ಅದಕ್ಕೇ ಆಮೇಲಿನ ವಿದ್ವಾಂಸರು ಮಾನವ ಹಕ್ಕುಗಳ ಉಲ್ಲಂಘನೆಯನ್ನೇ ಅಳತೆಗೋಲು ಮಾಡಿಕೊಂಡರು. ನಾನೂ ಆ ಕಡೆಯವನೇ.

ನೀವು ಓದುತ್ತಿರುವ ವಿಜಯಪುರದಲ್ಲೇ ಇನ್ನೊಂದು ಉದಾಹರಣೆ ಇದೆ, ಅದು ನಿಮ್ಮ ಓಣಿಗೆ ನೇರ ಸಂಬಂಧ ಇರುವಂಥದ್ದು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಡೀ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರು ಅಂತ ಪಟ್ಟಿ ಮಾಡಿತು. 1911ರಲ್ಲಿ ಅದೇ ಹೆಸರಿನ ಹೊಸ ಕಾಯಿದೆ ಬಂದ ಮೇಲೆ ಮುಂಬೈ ಪ್ರಾಂತ್ಯಕ್ಕೂ ಅದು ಗಟ್ಟಿಯಾಗಿ ಬಂತು. ಬಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟುಗಳಾದವು, ಅಂದರೆ ಈ ಜನರನ್ನು ಕಾವಲಿನಲ್ಲಿ ಇಡುವ ವಸತಿಗಳು. ಅಲ್ಲಿದ್ದವರು ಹಾಜರಿ ಹಾಕಬೇಕು, ಹೊರಗೆ ಹೋಗಲು ಪಾಸ್ ಬೇಕು, ಏನೂ ಮಾಡದಿದ್ದರೂ. 1952ರಲ್ಲಿ ಕಾಯಿದೆ ರದ್ದಾಯಿತು, ವಿಮುಕ್ತರು ಅನ್ನುವ ಹೆಸರು ಬಂದದ್ದು ಆಗಲೇ. ಆದರೆ ಆ ಪಟ್ಟಿ ಪೊಲೀಸರ ತಲೆಯಿಂದ ರದ್ದಾಗಲಿಲ್ಲ. ‘ಎಲ್ಲಿ ಕಳವಾದರೂ ಮೊದಲು ನಮ್ಮ ಓಣಿ’ ಅಂತ ನೀವು ಬರೆದಿದ್ದೀರಲ್ಲ, ಅದು ಆ ಕಾಯಿದೆ ಇನ್ನೂ ಬದುಕಿರುವ ರೀತಿ. 2024ರ ಅಕ್ಟೋಬರ್ 3ರಂದು ಜೈಲುಗಳಲ್ಲಿನ ಜಾತಿ ತಾರತಮ್ಯದ ಬಗ್ಗೆ ಸುಕನ್ಯಾ ಶಾಂತಾ ಪ್ರಕರಣದಲ್ಲಿ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಇದನ್ನೂ ಮುಟ್ಟಿತು. ವಿಮುಕ್ತ ಸಮುದಾಯದವರನ್ನು ಮನಸ್ಸಿಗೆ ಬಂದ ಹಾಗೆ ಬಂಧಿಸದಂತೆ ಅರ್ನೇಶ್ ಕುಮಾರ್ ತೀರ್ಪಿನ ನಿಯಮಗಳನ್ನು ಪಾಲಿಸಿ ಅಂತ ಪೊಲೀಸರಿಗೆ ನೇರವಾಗಿ ನಿರ್ದೇಶನ ಕೊಟ್ಟಿತು. ನಿಮ್ಮ ದೂರಿನಲ್ಲಿ ಈ ತೀರ್ಪಿನ ಹೆಸರು ಇರಲೇಬೇಕು.

ಹಾಗಾದರೆ ನಿಮ್ಮ ಮಾವನದು ಪ್ರಭುತ್ವದ ಅಪರಾಧವೇ? ಕೆಲವರು ದೊಡ್ಡ ಮಟ್ಟದವನ್ನು ಮಾತ್ರ ಹಾಗೆ ಕರೆಯುತ್ತಾರೆ. ತಮಿಳುನಾಡಿನ ವಾಚಾತಿ ಇದೆ. 1992ರ ಜೂನ್‌ನಲ್ಲಿ ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಮೂರೂ ಇಲಾಖೆಯವರು ಸೇರಿ ಒಂದು ಆದಿವಾಸಿ ಹಳ್ಳಿಯ ಮೇಲೆ ಬಿದ್ದರು, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ತೀರ್ಪು ಬಂದದ್ದು 2011ರಲ್ಲಿ. 269 ಆರೋಪಿಗಳಲ್ಲಿ ಅಷ್ಟರಲ್ಲೇ 54 ಜನ ತೀರಿಕೊಂಡಿದ್ದರು, ಉಳಿದ 215 ಜನರಿಗೂ ಶಿಕ್ಷೆಯಾಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮ್ಮಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಡೆ ವೀರಪ್ಪನ್ ಹುಡುಕಾಟದ ಹೆಸರಿನಲ್ಲಿ ಎರಡು ರಾಜ್ಯಗಳ ವಿಶೇಷ ಪಡೆಗಳು ಹಳ್ಳಿಯ ಜನಕ್ಕೆ ಕೊಟ್ಟ ಹಿಂಸೆಯ ಬಗ್ಗೆ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ವಿಚಾರಣೆ ಮಾಡಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರ ಶಿಫಾರಸು ಮಾಡಿತು.

ಇವುಗಳ ಮುಂದೆ ಒಂದು ಮೋಟಾರು ಕೇಸು ಸಣ್ಣದು ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಹೊಡೆದವರು ಇಬ್ಬರು ಇರಬಹುದು. ಆದರೆ ರಾತ್ರಿ ಪಾಳಿಯವರೆಲ್ಲ ನೋಡಿದ್ದಾರೆ, ಸ್ಟೇಷನ್ ಡೈರಿಯಲ್ಲಿ ಯಾರೂ ಬರೆದಿಲ್ಲ, ಮೇಲಿನ ಅಧಿಕಾರಿ ಕೇಳಿಲ್ಲ, ಮತ್ತೆ ಪ್ರತಿ ಸಲ ಅದೇ ಓಣಿ. ಒಂದು ಸಂಸ್ಥೆಗೆ ಅಭ್ಯಾಸವಾಗಿ ಹೋದ ಅಪರಾಧವನ್ನು ಇಬ್ಬರ ತಪ್ಪು ಅನ್ನುವುದು ಸರಿಯಲ್ಲ. ಹಾಗಂತ ‘ಇದು ವ್ಯವಸ್ಥೆಯ ತಪ್ಪು’ ಅಂತ ಆ ಇಬ್ಬರನ್ನು ಬಿಡುವುದೂ ಸರಿಯಲ್ಲ. ಕೋರ್ಟಿನಲ್ಲಿ ಹೆಸರು ಬೇಕು, ದಿನಾಂಕ ಬೇಕು. ನಮ್ಮ ದೇಶ ಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದೆ, ಆದರೆ ಅನುಮೋದಿಸಿಲ್ಲ. 2017ರಲ್ಲಿ ಕಾನೂನು ಆಯೋಗ 273ನೇ ವರದಿಯಲ್ಲಿ ಪ್ರತ್ಯೇಕ ಕಾನೂನು ಮಾಡಿ, ಕಸ್ಟಡಿಯಲ್ಲಿ ಗಾಯವಾದರೆ ಅದು ಹೇಗಾಯಿತು ಅಂತ ಸಾಬೀತು ಮಾಡುವ ಹೊಣೆ ಪೊಲೀಸರ ಮೇಲೆ ಇರಲಿ ಅಂದಿತು. ಅದು ಇನ್ನೂ ಆಗಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಈಗ ಮಾಡಬೇಕಾದದ್ದು. ಮೊದಲು ಆಸ್ಪತ್ರೆ. ತಿಂಗಳಾಗಿದ್ದರೂ ಪರವಾಗಿಲ್ಲ, ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ, ಅಂದರೆ ಕಾನೂನಿಗೆ ಬೇಕಾದ ಗಾಯದ ವೈದ್ಯಕೀಯ ದಾಖಲೆ, ಮಾಡಿಸಿ. ಹೇಗಾಯಿತು ಅಂತ ಡಾಕ್ಟರ್ ಕೇಳಿದಾಗ ಬಹಳ ಜನ ಹೆದರಿ ‘ಬೈಕಿನಿಂದ ಬಿದ್ದೆ’ ಅಂದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಂಥ ದಿನ, ಇಂಥ ಸ್ಟೇಷನ್ನಿನಲ್ಲಿ ಹೊಡೆದರು ಅಂತಲೇ ಹೇಳಿಸಿ, ಅದು ರಿಜಿಸ್ಟರಿನಲ್ಲಿ ಬರಲಿ. ಬಾತಿದ್ದಾಗ ತೆಗೆದ ಫೋಟೊ ಇದ್ದರೆ ಫೋನಿನಿಂದ ಅಳಿಸಬೇಡಿ. ಆ ದಿನ ಮನೆಯವರು ಯಾರಿಗೆ ಫೋನ್ ಮಾಡಿದ್ದರು, ಸ್ಟೇಷನ್ನಿಗೆ ಊಟ ಕೊಟ್ಟು ಬಂದವರು ಯಾರು, ಹೊರಗೆ ಕಾದವರು ಯಾರು, ಎಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಪೊಲೀಸರ ದಾಖಲೆ ಇಲ್ಲದ ಕಡೆ ಇದೇ ನಿಮ್ಮ ದಾಖಲೆ.

ಎರಡನೆಯದು ಸಿಸಿಟಿವಿ. ಇದಕ್ಕೆ ತಡ ಮಾಡಲೇಬೇಡಿ. 2020ರ ಡಿಸೆಂಬರಿನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಸ್ಟೇಷನ್ನುಗಳಲ್ಲೂ ಕ್ಯಾಮೆರಾ ಇರಬೇಕು, ದೃಶ್ಯ 18 ತಿಂಗಳು, ಅಷ್ಟು ಸೌಲಭ್ಯ ಇಲ್ಲದಿದ್ದರೆ ಕನಿಷ್ಠ 1 ವರ್ಷ ಉಳಿಸಬೇಕು ಅಂದಿದೆ. ಆ ಎರಡು ರಾತ್ರಿಯ ದೃಶ್ಯ ಅಳಿಸದೆ ಕಾಯ್ದಿಡಿ ಅಂತ ಈಗಲೇ ಲಿಖಿತವಾಗಿ ಕೇಳಿ. ಆಮೇಲೆ ‘ಕ್ಯಾಮೆರಾ ಕೆಟ್ಟಿತ್ತು’ ಅಂದರೆ ಆ ಉತ್ತರವೂ ನಿಮಗೆ ಉಪಯೋಗಕ್ಕೆ ಬರುತ್ತದೆ.

ದೂರನ್ನು ಯಾವ ಸ್ಟೇಷನ್ನಿನಲ್ಲಾದರೂ ಕೊಡಬಹುದು. ತೆಗೆದುಕೊಳ್ಳದಿದ್ದರೆ ನವನಗರದ ಎಸ್‌ಪಿ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಜಮಖಂಡಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಖಾಸಗಿ ದೂರು. ಇಲ್ಲೊಂದು ಗೋಡೆ ಇದೆ, ಮೊದಲೇ ಹೇಳಿಬಿಡುತ್ತೇನೆ. ಸರ್ಕಾರಿ ನೌಕರರ ಮೇಲೆ ಕೇಸ್ ನಡೆಸಲು ಸುರಕ್ಷಾ ಸಂಹಿತೆಯ 218 ಮತ್ತು ಕರ್ನಾಟಕ ಪೊಲೀಸ್ ಕಾಯಿದೆಯ 170ರ ಪ್ರಕಾರ ಸರ್ಕಾರದ ಅನುಮತಿ ಬೇಕಾಗುತ್ತದೆ. ಮಿತಿ ಮೀರಿದ ಕೃತ್ಯವಾದರೂ ಕರ್ತವ್ಯದ ಜೊತೆ ಅದಕ್ಕೆ ಸಂಬಂಧ ಇದ್ದರೆ ಅನುಮತಿ ಬೇಕೇ ಬೇಕು ಅಂತ 2020ರಲ್ಲಿ ನಮ್ಮ ರಾಜ್ಯದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದಾಖಲೆಯೇ ಇಲ್ಲದೆ ಕೂಡಿಹಾಕಿ ಹೊಡೆಯುವುದು ಯಾವ ಕರ್ತವ್ಯ ಅನ್ನುವುದೇ ಆಗ ನಿಮ್ಮ ವಕೀಲರ ವಾದ. ಹೊಸ ಸಂಹಿತೆಯ 218ರಲ್ಲಿ ಒಂದು ಒಳ್ಳೆಯದಿದೆ: ಸರ್ಕಾರ 120 ದಿನದೊಳಗೆ ತೀರ್ಮಾನ ಮಾಡದಿದ್ದರೆ ಅನುಮತಿ ಸಿಕ್ಕ ಹಾಗೆಯೇ.

ಇದರ ಜೊತೆಗೇ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಬರೆಯಿರಿ, ಘಟನೆ ನಡೆದು 1 ವರ್ಷ ದಾಟಿದರೆ ಅವರು ತೆಗೆದುಕೊಳ್ಳುವುದಿಲ್ಲ. ಪೊಲೀಸ್ ದೂರು ಪ್ರಾಧಿಕಾರಕ್ಕೂ ಒಂದು ಪ್ರತಿ ಹೋಗಲಿ. ಪರಿಹಾರ ಬೇಕಾದರೆ ಹೈಕೋರ್ಟಿನಲ್ಲಿ ರಿಟ್. ಒಡಿಶಾದ ನೀಲಬತಿ ಬೆಹೆರಾ ಅನ್ನುವ ತಾಯಿ ಕಸ್ಟಡಿಯಲ್ಲಿ ಸತ್ತ ಮಗನ ಬಗ್ಗೆ ಬರೆದ ಪತ್ರದ ಮೇಲೆ 1993ರಲ್ಲಿ ಸುಪ್ರೀಂ ಕೋರ್ಟ್ 1,50,000 ರೂಪಾಯಿ ಕೊಡಿಸಿತು, ರಾಜ್ಯವೇ ಹೊಣೆ ಅಂದಿತು. ನೀವು ಬಾಗಲಕೋಟೆ ಜಿಲ್ಲೆಯವರು, ನಿಮಗೆ ಧಾರವಾಡ ಪೀಠ. ವಿಜಯಪುರದವರಾಗಿದ್ದರೆ ಕಲಬುರಗಿಗೆ ಹೋಗಬೇಕಿತ್ತು. ವಕೀಲರ ಫೀಸಿನ ಚಿಂತೆ ಇದ್ದರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದವರು ಉಚಿತ ವಕೀಲರನ್ನು ಕೊಡುತ್ತಾರೆ. ಮತ್ತೆ ಮುಂದೆ ಯಾವತ್ತಾದರೂ ಹೀಗೆ ಕರೆದುಕೊಂಡು ಹೋದರೆ ಅವತ್ತೇ ಎಸ್‌ಪಿಗೆ ಒಂದು ಮೆಸೇಜೋ ಇಮೇಲೋ ಹೋಗಲಿ, ಸಮಯ ಹಾಕಿ. 24 ಗಂಟೆಯ ಲೆಕ್ಕ ಶುರುವಾಗಲು ನಿಮ್ಮ ಕಡೆಯಿಂದ ಅಷ್ಟು ಸಾಕು. ಬಿಡದಿದ್ದರೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಅಂತ ಕೇಳುವ ಅರ್ಜಿ.

ಕೊನೆಗೆ ನಿಮ್ಮ ವೆರಿಫಿಕೇಶನ್. ಅಲ್ಲಿ ಕೇಳುವುದು ನಿಮ್ಮ ಮೇಲೆ ಕೇಸ್ ಇದೆಯಾ ಅಂತ. ದೂರು ಕೊಟ್ಟವರು ಆರೋಪಿ ಅಲ್ಲ, ಸೋದರಮಾವನ ಮೇಲೂ ಯಾವ ಎಫ್‌ಐಆರ್ ಇಲ್ಲ. ಅರ್ಜಿಯಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೂ ಹೆದರಿಕೆ ಇರುತ್ತದೆ, ಗೊತ್ತು. ಹಾಗಿದ್ದರೆ ದೂರಿಗೆ ಮಾವನೇ ಸಹಿ ಹಾಕಲಿ, ಅತ್ತೆ ತಮ್ಮದೇ ಬೇರೆ ಹೇಳಿಕೆ ಕೊಡಲಿ. ನೀವು ಕೂತು ಕರಡು ಬರೆದುಕೊಡಿ. ಇಡೀ ಸಂಹಿತೆ ಓದಿರುವವರು ಮನೆಯಲ್ಲಿ ನೀವೇ ತಾನೆ. ಈ ವಾರವೇ ಬರೆಯಿರಿ ತಂಗಿ, ಮೊದಲು ಸಿಸಿಟಿವಿಯದ್ದು.